ಗಾಳಿಯ ಆಲ್ಫಾ ಎಣಿಸಲು ಯಾವ ಫಿಲ್ಟರ್? ಮಡಿಕೇರಿಯಲ್ಲಿ ಎರಡನ್ನೂ ಹಾಕಿ ನೋಡಿದೆ

ವಿಕಿರಣಶೀಲ ವಸ್ತುಗಳು ಒಡೆಯುವಾಗ ಹೊಮ್ಮುವ ಒಂದು ಬಗೆಯ ಕಣವೇ ಆಲ್ಫಾ. ಗಾಳಿಯ ದೂಳಿನಿಂದ ಬರುವ ಆಲ್ಫಾ ಎಣಿಸಲು ಕಾಲೇಜಿನ ತಾರಸಿಯಲ್ಲಿ ಗಾಳಿ ಎಳೆಯುವ ಪಂಪ್ ಇಟ್ಟು ಎರಡು ಬಗೆಯ ಫಿಲ್ಟರ್ ಹಾಕಿದೆ. ಒಂದು ಗ್ಲಾಸ್ ಫೈಬರ್. ಅದನ್ನು ಜಿಂಕ್ ಸಲ್ಫೈಡ್ ಕೌಂಟರಿನಲ್ಲಿ, ಅಂದರೆ ಆಲ್ಫಾ ಬಡಿದಾಗ ಮಿನುಗುವ ಪರದೆಯಲ್ಲಿ ಎಣಿಸಿದೆ. ಇನ್ನೊಂದು ಮೆಂಬ್ರೇನ್, ಸೂಕ್ಷ್ಮ ರಂಧ್ರಗಳ ತೆಳು ಹಾಳೆ. ಅದಕ್ಕೆ ನಿರ್ವಾತದ ಡಬ್ಬಿಯೊಳಗಿನ ಸಿಲಿಕಾನ್ ಡಿಟೆಕ್ಟರ್, ಇದು ಒಂದೊಂದು ಆಲ್ಫಾದ ಶಕ್ತಿಯನ್ನೂ ಅಳೆಯುತ್ತದೆ.

ಮೊದಲ ಸಲ ಫಿಲ್ಟರ್ ಬಿಚ್ಚಿದ ಕೂಡಲೇ ಎಣಿಸಿದ್ದೆ. ಎಣಿಕೆ ನೋಡಿ ಗಾಬರಿಯಾಯಿತು. ಗಂಟೆಗಳು ಕಳೆದಂತೆ ಅದು ಇಳಿಯುತ್ತಾ ಬಂತು. ಅದೆಲ್ಲ ನೆಲದಿಂದ ಬರುವ ರೇಡಾನ್ ಎಂಬ ವಿಕಿರಣಶೀಲ ಅನಿಲ ಒಡೆದು ಹುಟ್ಟಿದ ಕಣಗಳು. ಬೆಳಗಿನ ಜಾವ ಮಂಜು ಕೂತು ಗಾಳಿ ಅಲುಗಾಡದಿದ್ದಾಗ ರೇಡಾನ್ ನೆಲದ ಹತ್ತಿರವೇ ಉಳಿಯುತ್ತದೆ. ಬಿಸಿಲೇರಿದ ಮೇಲೆ ಚೆದುರುತ್ತದೆ. ಅದಕ್ಕೇ ಸ್ಯಾಂಪಲ್ ತೆಗೆದ ಹೊತ್ತನ್ನು ಬರೆದಿಡಲೇಬೇಕು.

ರೇಡಾನಿನ ಕಣಗಳು ಕೆಲವೇ ಗಂಟೆಗಳಲ್ಲಿ ಕರಗುತ್ತವೆ. ಥೋರಿಯಂನಿಂದ ಹುಟ್ಟುವ ಅದರ ಸೋದರ ಅನಿಲ ಥೋರಾನಿನದು ಹಾಗಲ್ಲ. ಅದು ಒಡೆದು ಹುಟ್ಟುವ ಸೀಸ-212ರ ಅರ್ಧಾಯುಷ್ಯ, ಅಂದರೆ ಅರ್ಧ ಪಾಲು ಒಡೆಯಲು ಹಿಡಿಯುವ ಹೊತ್ತು, 10.6 ಗಂಟೆ. 4 ದಿನ ಕಾದರೆ ಸುಮಾರು 500ರಲ್ಲಿ ಒಂದು ಪಾಲು ಉಳಿಯುತ್ತದೆ. ಆಮೇಲೆ ಉಳಿದಿದ್ದೇ ನಮಗೆ ಬೇಕಾದ್ದು: ಪೊಲೋನಿಯಂ-210, ಮಣ್ಣಿನ ದೂಳಿನ ಯುರೇನಿಯಂ, ಹೀಗೆ ಬೇಗ ಸಾಯದವು.

ಕಾಯಲು ಆಗದಿದ್ದರೆ ಮೆಂಬ್ರೇನ್ ಮತ್ತು ಸಿಲಿಕಾನ್ ಜೋಡಿಯೇ ಸರಿ. ದೂಳು ಮೆಂಬ್ರೇನಿನ ಮೇಲ್ಮೈಯಲ್ಲೇ ನಿಲ್ಲುತ್ತದೆ, ಆಲ್ಫಾ ಶಕ್ತಿ ಕಳೆದುಕೊಳ್ಳದೆ ಹೊರಬರುತ್ತದೆ. ಶಕ್ತಿಗೆ ತಕ್ಕಂತೆ ಎಣಿಕೆ ಬಿಡಿಸಿದಾಗ ರೇಡಾನಿನಿಂದ ಹುಟ್ಟಿದ ಪೊಲೋನಿಯಂ-214ರ 7.69 ಎಂಇವಿ (ಆಲ್ಫಾ ಶಕ್ತಿಯ ಅಳತೆ) ಶಿಖರ ಬೇರೆಯಾಗಿಯೇ ಕಾಣುತ್ತದೆ. ಪ್ಲುಟೋನಿಯಂ-239 ಇದ್ದರೆ ಅದು 5.16ರ ಹತ್ತಿರ ಬರಬೇಕು. ಗ್ಲಾಸ್ ಫೈಬರಿನಲ್ಲಿ ದೂಳು ನಾರಿನೊಳಗೆ ಇಳಿದುಬಿಡುತ್ತದೆ, ಶಿಖರಗಳು ಕೆಳಕ್ಕೆ ಬಾಲ ಚಾಚಿ ಒಂದರ ಮೇಲೊಂದು ಬೀಳುತ್ತವೆ.

ಆದರೆ ಕಕ್ಕಡದ (ಜುಲೈ-ಆಗಸ್ಟಿನ) ಮಳೆಯಲ್ಲಿ ಮೆಂಬ್ರೇನ್ ನನ್ನನ್ನು ಸೋಲಿಸಿತು. ತೇವಕ್ಕೆ ರಂಧ್ರ ಕಟ್ಟಿ ಗಾಳಿಯ ಹರಿವು ಇಳಿಯಿತು. ಶುರುವಿನ ಹರಿವನ್ನೇ ಹಿಡಿದು ಲೆಕ್ಕ ಹಾಕಿದ್ದರಿಂದ ಎಳೆದ ಗಾಳಿ ಇದ್ದದ್ದಕ್ಕಿಂತ ಜಾಸ್ತಿ ಎಂದು ಬಂತು. ಅಂದರೆ ಉತ್ತರ ಕಡಿಮೆ ಬಂತು. ಇದು ದೊಡ್ಡ ತಪ್ಪು. ಗ್ಲಾಸ್ ಫೈಬರಿನಲ್ಲಿ ಅದೇ ವಾರ ಹರಿವು ಅಷ್ಟಾಗಿ ಇಳಿಯಲಿಲ್ಲ.

ಇನ್ನೊಂದು ವಿಷಯ ಎಣಿಕೆಯ ಹೊತ್ತು. 100 ಎಣಿಕೆ ಸಿಕ್ಕರೂ ಅನಿಶ್ಚಿತತೆ 10% ಇದ್ದೇ ಇರುತ್ತದೆ. ನನ್ನ ಸಿಲಿಕಾನ್ ಡಿಟೆಕ್ಟರ್ ಚಿಕ್ಕದು, ಅಷ್ಟು ಸೇರಲು ತುಂಬ ಹೊತ್ತು ಬೇಕು. ಅಗಲವಾದ ಜಿಂಕ್ ಸಲ್ಫೈಡ್ ಪರದೆ ಇಡೀ ಫಿಲ್ಟರನ್ನು ನೋಡುತ್ತದೆ. ಯಾವುದಾದರೂ ಸರಿ, ಖಾಲಿ ಫಿಲ್ಟರ್ ಒಂದನ್ನೂ ಅಷ್ಟೇ ಹೊತ್ತು ಎಣಿಸಿ. ಇಷ್ಟು ಸಣ್ಣ ಮಟ್ಟದಲ್ಲಿ ಅದಿಲ್ಲದೆ ಏನೂ ಹೇಳಲಾಗದು, ಅಲ್ವಾ?

ಮಳೆಗಾಲಕ್ಕೆ ನಾನು ಈಗ ಗ್ಲಾಸ್ ಫೈಬರ್ ಹಾಕಿ 4 ದಿನ ಕಾಯುತ್ತೇನೆ. ಕಣದಲ್ಲಿ ಕಾಫಿ ಒಣಗುವ ಚಳಿಗಾಲದಲ್ಲಿ ಮೆಂಬ್ರೇನ್ ಮತ್ತೆ ಹೊರಬರುತ್ತದೆ.