ರುಥೇನಿಯಮ್ 0.4, ರುಥೇನಿಯಮ್ 0.85, ಇರಿಡಿಯಮ್ 0.5: ಕೋಬಾಲ್ಟ್ ಪದರಗಳ ನಡುವೆ ಯಾವುದು?

ಎರಡು ಕೋಬಾಲ್ಟ್ ಪದರಗಳ ಕಾಂತತ್ವ ಎದುರುಬದುರಾಗಿ ನಿಲ್ಲಬೇಕಾದರೆ ನಡುವಿನ ಪದರದ ದಪ್ಪ ಸರಿಯಾಗಿರಬೇಕು. ಸಾಮಾನ್ಯ ಸ್ಪಟರಿಂಗ್ ಯಂತ್ರ (ಲೋಹದ ತುಂಡಿನಿಂದ ಪರಮಾಣುಗಳನ್ನು ಸಿಡಿಸಿ ತೆಳು ಪದರ ಕೂರಿಸುವ ಯಂತ್ರ) ಇರುವವರಿಗೆ ನನ್ನ ಮತ 0.85 ನ್ಯಾನೊಮೀಟರ್ ರುಥೇನಿಯಮ್‌ಗೆ. 0.4ರ ಕಪ್ಲಿಂಗ್, ಅಂದರೆ ಪದರಗಳನ್ನು ಎದುರುಬದುರಾಗಿ ನಿಲ್ಲಿಸುವ ಹಿಡಿತ, ಹಲವು ಪಟ್ಟು ಗಟ್ಟಿ ಎಂಬುದು ನಿಜವೇ, ಆದರೆ ಅದು ಕೈಗೆ ಸಿಗುವುದು ಕಷ್ಟ.

ತೊಡಕು ಇರುವುದು ಶಟರ್‌ನಲ್ಲಿ, ಅಂದರೆ ಪದರ ಬೀಳುವುದನ್ನು ಶುರುಮಾಡುವ, ನಿಲ್ಲಿಸುವ ಮುಚ್ಚಳದಲ್ಲಿ. ಸೆಕೆಂಡಿಗೆ 0.03 ನ್ಯಾನೊಮೀಟರ್ ವೇಗದಲ್ಲಿ 0.4ಕ್ಕೆ ಬೇಕಾದದ್ದು 13 ಸೆಕೆಂಡು ಮಾತ್ರ. ಶಟರ್ ಅರ್ಧ ಸೆಕೆಂಡು ತಡವಾದರೆ ಸುಮಾರು ಶೇ 4 ತಪ್ಪು, 0.85ರಲ್ಲಿ ಅದು ಶೇ 2ಕ್ಕಿಂತ ಕಡಿಮೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ರುಥೇನಿಯಮ್‌ನ ಒಂದು ಪರಮಾಣು ಪದರ 0.21 ನ್ಯಾನೊಮೀಟರ್, ಅಂದರೆ 0.4 ಎಂದರೆ ಎರಡೇ ಪದರ. ಕೆಳಗಿನ ಕೋಬಾಲ್ಟ್ ಸ್ವಲ್ಪ ಒರಟಾಗಿದ್ದರೂ ಪಿನ್‌ಹೋಲ್ (ಸೂಕ್ಷ್ಮ ತೂತು) ಬಿದ್ದು ಕೋಬಾಲ್ಟ್‌ಗೆ ಕೋಬಾಲ್ಟ್ ನೇರವಾಗಿ ತಾಗುತ್ತದೆ. ಆ ಜಾಗಗಳಲ್ಲಿ ಎರಡೂ ಒಂದೇ ದಿಕ್ಕಿಗೆ ಎಳೆದುಕೊಳ್ಳುತ್ತವೆ. ಕ್ಷೇತ್ರವನ್ನು ಏರಿಳಿಸುತ್ತ ಕಾಂತತ್ವ ಅಳೆದು ಬರೆದ ಲೂಪ್‌ನಲ್ಲಿ ಇದು ಕೂಡಲೇ ಕಾಣುತ್ತದೆ: ಸಮದಪ್ಪದ ಪದರಗಳಾದರೆ ಶೂನ್ಯ ಕ್ಷೇತ್ರದಲ್ಲಿ ಸೊನ್ನೆಗೆ ಬರಬೇಕಾದ ಕಾಂತತ್ವ ಸೊನ್ನೆಗೆ ಬರುವುದೇ ಇಲ್ಲ. ಅನೀಲಿಂಗ್ (ಕಾಯಿಸಿ ತಣಿಸುವುದು) ಮಾಡಿದರೆ ಇದು ಇನ್ನಷ್ಟು ಹದಗೆಡಬಹುದು.

ಅಳತೆಯ ಖರ್ಚೂ ಇದೆ. ತಲಾ 3 ನ್ಯಾನೊಮೀಟರ್ ಕೋಬಾಲ್ಟ್ ಇಟ್ಟರೆ, ಚದರ ಮೀಟರಿಗೆ 5 ಮಿಲಿಜೌಲ್ ಕಪ್ಲಿಂಗ್‌ಗೆ ಎರಡೂ ಪದರಗಳನ್ನು ಪೂರ್ತಿ ಒಂದೇ ದಿಕ್ಕಿಗೆ ತಿರುಗಿಸಲು ಸುಮಾರು 2.4 ಟೆಸ್ಲಾ ಬೇಕು, 0.5 ಮಿಲಿಜೌಲ್‌ಗೆ 0.24 ಸಾಕು. 1.5 ಟೆಸ್ಲಾದ ವಿದ್ಯುತ್ಕಾಂತ ಇರುವ ಲ್ಯಾಬಿನಲ್ಲಿ ಮೊದಲನೆಯದರ ಲೂಪ್ ಮುಗಿಯುವುದೇ ಇಲ್ಲ.

ಇರಿಡಿಯಮ್ ಒಳ್ಳೆಯದು, ಗಟ್ಟಿ ಕಪ್ಲಿಂಗ್ ಕೊಡುತ್ತದೆ. ಆದರೆ ಟಾರ್ಗೆಟ್ (ಪರಮಾಣು ಸಿಡಿಸುವ ಲೋಹದ ತುಂಡು) ಬೆಲೆ ಕೇಳಿದ ಮೇಲೆ ಬೇಡ ಅನ್ನಿಸುತ್ತದೆ. ಭೌತವಿಜ್ಞಾನಿ ಪೀಟರ್ ಗ್ರೂನ್‌ಬರ್ಗ್ 1986ರಲ್ಲಿ ಈ ಎದುರುಬದುರು ಜೋಡಣೆ ಕಂಡದ್ದು ಕಬ್ಬಿಣ–ಕ್ರೋಮಿಯಮ್‌ನಲ್ಲಿ. ಕೋಬಾಲ್ಟ್ ಜೊತೆ ಕ್ರೋಮಿಯಮ್ ಸಪ್ಪೆ.

ಯಾವುದನ್ನೇ ಆರಿಸಿ, ಪದರ ಬೀಳುವ ವೇಗವನ್ನು ಮೊದಲು ಅಳೆಯಿರಿ. 30 ನ್ಯಾನೊಮೀಟರ್ ದಪ್ಪದ ರುಥೇನಿಯಮ್ ಹಾಕಿ ಎಕ್ಸ್-ರೇ ಪ್ರತಿಫಲನ ತೆಗೆದರೆ, ತಾಮ್ರದ ಎಕ್ಸ್-ರೇ ಟ್ಯೂಬ್‌ನಲ್ಲಿ ಒಂದರ ಪಕ್ಕದ ಒಂದು ಏರಿಳಿತದ ನಡುವಿನ 2 ಥೀಟಾ (ಕಿರಣ ತಿರುಗುವ ಕೋನ) ಅಂತರ ಸುಮಾರು 0.29 ಡಿಗ್ರಿ ಬರಬೇಕು. ಶಟರ್ ಮುಚ್ಚಿಟ್ಟು ಕೆಲವು ನಿಮಿಷ ಟಾರ್ಗೆಟ್ ಮೇಲೆ ಸ್ಪಟರಿಂಗ್ ನಡೆಸಿದ ಮೇಲೇ ತೆರೆಯಿರಿ. ಆಮೇಲೆ ಒಂದೇ ವೇಫರ್ ಮೇಲೆ, ತಿರುಗಿಸದೆ, 0.3ರಿಂದ 1.1ರವರೆಗೆ ಇಳಿಜಾರಾಗಿ ರುಥೇನಿಯಮ್ ಹಾಕಿ, ಉದ್ದಕ್ಕೂ ಕೆರ್ ಲೂಪ್ (ಪ್ರತಿಫಲಿಸಿದ ಬೆಳಕಿನಿಂದ ಅಳೆದ ಲೂಪ್) ತೆಗೆಯಿರಿ. ಲೂಪ್‌ನ ಮಧ್ಯ ಚಪ್ಪಟೆಯಾಗಿ ಸೊನ್ನೆಯ ಬಳಿ ನಿಂತಿರುವ ಜಾಗವೇ ನಿಮ್ಮ ದಪ್ಪ. ಟಾರ್ಗೆಟ್ ಸವೆದಂತೆ ವೇಗ ಬದಲಾಗುವುದರಿಂದ ಆಗಾಗ ಹಾಗೂ ಹೊಸ ಟಾರ್ಗೆಟ್ ಹಾಕಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.