ತಾತನ ಕೊನೆಯ ಚೀಲ ಮತ್ತು ಹನುಮಂತನಗರದ ರಾಗಿ ಮಿಷನ್

ಬೆಂಗಳೂರಿನ ಹನುಮಂತನಗರದ ಹಳೆಯ ಬೀದಿಯೊಂದರಲ್ಲಿ, ಟೈಲರ್ ಅಂಗಡಿಗೂ ಸೈಕಲ್ ರಿಪೇರಿಯವರಿಗೂ ನಡುವೆ ಇರುವ ಈ ಹಿಟ್ಟಿನ ಗಿರಣಿಗೆ ಒಂದು ಹೆಸರು ಇದ್ದೇ ಇರಬೇಕು. ಆದರೆ ಫಲಕದ ಮೇಲೆ ವರ್ಷಗಟ್ಟಲೆ ಕೂತಿರುವ ದೂಳಿನಿಂದಾಗಿ ಅದನ್ನು ಓದಿದವರನ್ನು ನಾನು ಕಂಡಿಲ್ಲ. ಸುತ್ತಮುತ್ತಲಿನವರಿಗೆಲ್ಲ ಅದು ‘ರಾಗಿ ಮಿಷನ್’ ಅಷ್ಟೆ. ಎರಡು ವರ್ಷದಿಂದ ತಿಂಗಳಿಗೆ ಹತ್ತು ಕಿಲೋದಂತೆ ನಾನು ಇಲ್ಲಿ ಬೀಸಿಸಿದ್ದು ಮಾಗಡಿ ಸೀಮೆಯಲ್ಲಿ ನಮ್ಮ ತಾತ ಬೆಳೆದ ರಾಗಿಯನ್ನು. ರಾಶಿ ಮಾಡಿ, ಚೀಲ ಹೊಲಿದು, ಮೊಮ್ಮಗನ ಪಾಲೆಂದು ಮೂರು ಚೀಲ ಬೇರೆ ಇಟ್ಟ ತಿಂಗಳಲ್ಲೇ ತಾತ ತೀರಿಕೊಂಡರು. ಆ ಮೂರರಲ್ಲಿ ಕೊನೆಯದು ಈಚೆಗೆ ಖಾಲಿಯಾಯಿತು.

ತಾತನ ರಾಗಿಯನ್ನು ಯಾರಿಗೆ ಒಪ್ಪಿಸಬೇಕೆಂಬುದು ನನಗೆ ಸಣ್ಣ ಪ್ರಶ್ನೆಯಾಗಿರಲಿಲ್ಲ. ಮೊದಲು ಮನೆಗೆ ಹತ್ತಿರದ ಇನ್ನೊಂದು ಗಿರಣಿಗೆ ಹೋಗಿದ್ದೆ; ಅಲ್ಲಿ ಗೋಧಿ ಬೀಸಿದ ಮಿಷನ್ನಿಗೇ ರಾಗಿ ಸುರಿದು, ಮಾಸಲು ಬಿಳಿಯ ಹಿಟ್ಟು ಕೊಟ್ಟು, ‘ಸ್ವಲ್ಪ ಸೇರಿದರೆ ಏನಾಗುತ್ತೆ’ ಎಂದು ನನ್ನನ್ನೇ ಕೇಳಿದರು. ಇಲ್ಲಿ ರಾಗಿಗೆ ಬೇರೆ ಮಿಷನ್ ಇದೆ. ಖಾರದ ಪುಡಿಗೆ ಇನ್ನೊಂದಿದ್ದು, ಅದನ್ನು ತಟ್ಟಿಯ ಆಚೆ ಇಟ್ಟಿದ್ದಾರೆ; ಆದರೂ ಮಧ್ಯಾಹ್ನದ ಹೊತ್ತಿಗೆ ಹೋದರೆ ಸೀನದೆ ಹೊರಗೆ ಬರುವಂತಿಲ್ಲ.

ತಾತ ಬೆಳೆಯುತ್ತಿದ್ದುದು ಜಿಪಿಯು-28. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ 1996ರಲ್ಲಿ ಬಿಡುಗಡೆಯಾದ ಈ ತಳಿಯನ್ನು ಅವರು ‘ಇಪ್ಪತ್ತೆಂಟು’ ಎಂದಷ್ಟೇ ಕರೆಯುತ್ತಿದ್ದರು. ಅದಕ್ಕೂ ಮೊದಲು ಅವರ ಹೊಲದಲ್ಲಿ ಇದ್ದದ್ದು, ‘ರಾಗಿ ಬ್ರಹ್ಮ’ರೆಂದು ಹೆಸರಾದ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ರೂಪಿಸಿದ ಇಂಡಾಫ್ ತಳಿ. ಒಂದು ವರ್ಷ ಪೈರಿನ ಕುತ್ತಿಗೆಗೆ ಬೆಂಕಿ ರೋಗ ತಗುಲಿ ತೆನೆಗಳೆಲ್ಲ ಜೊಳ್ಳಾದ ಮೇಲೆ, ಅದೇ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಬಸ್ಸಿನಲ್ಲಿ ಬಂದು, ಆ ರೋಗವನ್ನು ತಡೆಯುವ ಬೀಜ ಯಾವುದೆಂದು ಮಳಿಗೆ ಮಳಿಗೆಗೂ ಕೇಳಿ, ಒಂದೇ ಒಂದು ಸಣ್ಣ ಚೀಲ ಹಿಡಿದು ಊರಿಗೆ ಮರಳಿದರು. ಪುನರ್ವಸು ಮಳೆಗೆ ಕೂರಿಗೆ ಹೂಡಿ, ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಟ್ಟು, ಹಲುಬೆ ಹೊಡೆದು, ಕಳೆ ಕಿತ್ತು, ಕುಯ್ಲಾದ ಮೇಲೆ ಮೆದೆ ಒಟ್ಟಿ, ಸಂಕ್ರಾಂತಿಯ ನಂತರ ಕಣದಲ್ಲಿ ರೋಣುಗಲ್ಲು ಎಳೆಸುವವರೆಗೆ ಅವರು ಯಾವ ಕೆಲಸವನ್ನೂ ಪೂರ್ತಿಯಾಗಿ ಆಳಿಗೆ ಬಿಟ್ಟವರಲ್ಲ. ಎಂಬತ್ತು ದಾಟಿದ ಮೇಲೂ ತೂರುವಾಗ ಗಾಳಿಯ ದಿಕ್ಕು ನೋಡುವ ಕೆಲಸ ಅವರದೇ. ಕಣಕ್ಕೆ ಚಪ್ಪಲಿ ಹಾಕಿಕೊಂಡು ಬಂದ ನನ್ನನ್ನು ಒಮ್ಮೆ ಊರೆಲ್ಲ ಕೇಳುವಂತೆ ಬೈದಿದ್ದರು.

ಗಿರಣಿಯ ವಿಷಯದಲ್ಲಿಯೂ ಅವರ ಪಟ್ಟು ಹಾಗೆಯೇ ಇತ್ತು. ಪೇಟೆಯ ಮಿಷನ್ನಿಗೆ ಹೋದರೆ ತಮ್ಮ ಸರದಿ ಮುಗಿಯುವವರೆಗೂ ಪಕ್ಕದಿಂದ ಕದಲುತ್ತಿರಲಿಲ್ಲ. ಬೀಳುತ್ತಿರುವ ಹಿಟ್ಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ, ‘ಕೈ ಸುಟ್ರೆ ಹಿಟ್ಟಿನ ಜೀವ ಹೋಯ್ತು ಕಣ್ಲಾ, ಕಲ್ಲು ಬಿಗಿಯಾಗಿದೆ, ಸಡಿಲ ಮಾಡ್ಸು’ ಎನ್ನುತ್ತಿದ್ದರು. ಮುದ್ದೆಯ ಹಿಟ್ಟು ನುಣ್ಣಗಿರಬೇಕು, ಆದರೆ ಮೈದಾದಂತೆ ಜಾರಬಾರದು. ರೊಟ್ಟಿಗಾದರೆ ಇನ್ನೂ ಚೂರು ತರಿಯಿದ್ದರೆ ಒಳ್ಳೆಯದು ಎಂಬುದು ಅವರ ಲೆಕ್ಕ. ಈ ಗಿರಣಿಗೆ ಮೊದಲ ಸಲ ಹೋದ ದಿನ, ಕುಣಿಗಲ್ ಕಡೆಯವರಾದ ಇದರ ಯಜಮಾನರು, ನಾನು ಬಾಯಿ ಬಿಡುವ ಮೊದಲೇ ‘ಮುದ್ದೆಗೋ ರೊಟ್ಟಿಗೋ?’ ಎಂದು ಕೇಳಿ, ಮೊದಲು ಬಿದ್ದ ಹಿಡಿ ಹಿಟ್ಟನ್ನು ಪಕ್ಕಕ್ಕೆ ತೆಗೆದು, ಆಮೇಲಿನದನ್ನು ಅದೇ ಎರಡು ಬೆರಳಲ್ಲಿ ಉಜ್ಜಿ ನೋಡಿ ತಿರುಪು ಸಡಿಲಿಸಿದರು. ಅಂದಿನಿಂದ ನಾನು ಬೇರೆ ಗಿರಣಿ ಹುಡುಕಿಲ್ಲ.

ಬೀಸಿದ ಹಿಟ್ಟನ್ನು ಅವರು ತಕ್ಷಣ ಚೀಲಕ್ಕೆ ತುಂಬಿ ಬಾಯಿ ಕಟ್ಟುವುದಿಲ್ಲ. ಅಗಲವಾದ ತಗಡಿನ ಮೇಲೆ ಹರಡಿ, ಆರಿದ ಮೇಲೆ ಕೊಡುತ್ತಾರೆ. ಬಿಸಿ ಹಿಟ್ಟನ್ನು ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗೇ ಬೆವೆತು ಗಂಟುಕಟ್ಟುತ್ತದೆ, ಬೇಗ ಮುಗ್ಗಲು ವಾಸನೆ ಬರುತ್ತದೆ. ಇದರಿಂದ ಕಾಯುವ ಹೊತ್ತು ಹೆಚ್ಚುತ್ತದೆ ಎಂಬುದು ನಿಜ, ಭಾನುವಾರ ಬೆಳಿಗ್ಗೆಯಂತೂ ಮುಕ್ಕಾಲು ಗಂಟೆ ಬೇಕು. ಅಂಗಡಿಯ ಪೊಟ್ಟಣದ ಹಿಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಮುದ್ದೆ ತೊಳಸುವಾಗ ಗೊತ್ತಾಗುತ್ತದೆ: ಕೋಲಿಗೆ ಅಂಟಿಕೊಳ್ಳದೆ ಒಂದೇ ಉಂಡೆಯಾಗಿ ತಿರುಗುತ್ತದೆ. ಆ ಗುಣದಲ್ಲಿ ತಾತನ ಪಾಲೆಷ್ಟು, ಗಿರಣಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ನನ್ನಿಂದಾಗದು.

ಕುಂದುಗಳನ್ನೂ ಹೇಳಬೇಕು. ಗಾಡಿ ನಿಲ್ಲಿಸಲು ಜಾಗವಿಲ್ಲ. ಮಂಗಳವಾರ ರಜೆ, ಉಳಿದ ದಿನಗಳಲ್ಲಿಯೂ ಕರೆಂಟು ಹೋದರೆ ಬಾಗಿಲಲ್ಲಿ ನಿಂತು ಹರಟುವುದಷ್ಟೇ ಕೆಲಸ. ಸವೆದ ಬೀಸುವ ಕಲ್ಲಿಗೆ ಹೊಸದಾಗಿ ಕಚ್ಚು ಕಡಿಸಿದ ಮರುದಿನ ಹೋದರೆ ಹಿಟ್ಟಿನಲ್ಲಿ ಗರಗರ ಉಳಿಯುವ ಭಯವಿದೆ; ಒಮ್ಮೆ ನನಗೇ ಹಾಗಾಗಿ, ಹಲ್ಲಿಗೆ ಮರಳು ಸಿಕ್ಕಂತಾಗಿ, ಎರಡು ಸೇರು ಹಿಟ್ಟು ಹಸುವಿನ ಪಾಲಾಯಿತು. ಹೇಳಿದಾಗ ಯಜಮಾನರು ವಾದ ಮಾಡದೆ ಮುಂದಿನ ಸಲ ದುಡ್ಡು ತೆಗೆದುಕೊಳ್ಳಲಿಲ್ಲ. ದರ ಕಿಲೋಗೆ 10 ರೂಪಾಯಿ, ನಾನು ನೋಡಿದ ಬೇರೆ ಕಡೆಗಳಿಗಿಂತ ತುಸು ಹೆಚ್ಚೇ.

ಅವರಿಗೆ ಸಿಟ್ಟು ಬರುವುದು ಕೇರದ ಧಾನ್ಯ ತಂದರೆ ಮಾತ್ರ. ಕೊನೆಯ ಚೀಲದ ತಳದಲ್ಲಿ ಉಳಿದದ್ದನ್ನು ನಾನು ಅವಸರದಲ್ಲಿ ಹಾಗೆಯೇ ಹೊತ್ತುಕೊಂಡು ಹೋಗಿದ್ದೆ. ‘ಓದಿದೋರು ಸಾರ್ ನೀವು, ಒಂದು ಕಲ್ಲು ಸಿಕ್ಕರೆ ನನ್ನ ಮಿಷನ್ ಕಲ್ಲು ಹೋಗುತ್ತೆ’ ಎಂದು ಗೊಣಗುತ್ತಲೇ ಜರಡಿ ತಂದು ಅದಕ್ಕೆ ಸುರಿದರು. ಚೀಲದ ತಳದಿಂದ, ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿದ್ದ ಗಂಟೊಂದು ಬಿತ್ತು. ಬಿಚ್ಚಿದರೆ ಒಳಗೆ ಸುಮಾರು ಎರಡು ಕಿಲೋ ರಾಗಿ, ಒಂದೇ ಸಮನಾದ ದಪ್ಪ ಕಾಳು, ಬೂದಿ ಸವರಿದ್ದು, ಜೊತೆಗೆ ಪುಡಿಪುಡಿಯಾದ ಬೇವಿನ ಎಲೆ. ನಾನು ಅದನ್ನೂ ಸುರಿಯಲು ಹೋದಾಗ ಯಜಮಾನರು ಕೈ ಅಡ್ಡ ಹಿಡಿದರು. ‘ಇದು ಬಿತ್ತನೆ ರಾಗಿ ಸಾರ್. ತೆನೆ ಆರಿಸಿ ಬೇರೆ ಬಡಿದಿಟ್ಟಿದ್ದಾರೆ. ಇದನ್ನ ನಾನು ಮಿಷನ್ನಿಗೆ ಹಾಕಲ್ಲ.’ ಗಂಟನ್ನು ಹೇಗಿತ್ತೋ ಹಾಗೆಯೇ ಕಟ್ಟಿ ನನ್ನ ಕೈಗಿಟ್ಟರು. ತಾತ ಅದನ್ನು ಬೇಕೆಂದೇ ನನ್ನ ಚೀಲದಲ್ಲಿ ಇಟ್ಟರೋ, ಮರೆತು ಹೊಲಿದರೋ, ಈಗ ಕೇಳುವುದಕ್ಕೆ ಅವರಿಲ್ಲ.

ಗಂಟನ್ನು ಊರಿಗೆ ಒಯ್ದೆ. ಚಿಕ್ಕಪ್ಪ ಅದರಿಂದ ನೂರು ಕಾಳು ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿ, ಐದನೆಯ ದಿನ ಫೋನ್ ಮಾಡಿದರು.

ಈ ತಿಂಗಳು ಅಂಗಡಿಯಿಂದ ಕೊಂಡ ರಾಗಿಯನ್ನು ಕೇರಿ ತೆಗೆದುಕೊಂಡು ಹೋದೆ. ಯಜಮಾನರು ಚೀಲದೊಳಗೆ ಕೈಯಾಡಿಸಿ, ಇದು ಬೇರೆ ರಾಗಿಯೆಂದು ಗುರುತಿಸಿ, ‘ಅದು ಎಷ್ಟು ಮೊಳೀತು ಸಾರ್?’ ಎಂದು ಕೇಳಿದರು. ಎಂಬತ್ತೆರಡು ಎಂದೆ. ‘ಹಂಗಾದ್ರೆ ಪುನರ್ವಸುಗೆ ಬಿತ್ತಿಸಿ’ ಎಂದು ಹೇಳಿ, ಮಿಷನ್ನಿನ ಬಾಯಿಗೆ ರಾಗಿ ಸುರಿದು, ಬೆಲ್ಟು ಏರಿಸಿದರು.