ಬೀಟಲ್ ಹಿಂದಿನ ಚಕ್ರದ 36ರ ನಟ್ಟು, ಕೊನೆಗೂ ಸಿಕ್ಕ ಸಾಕೆಟ್ಟು

ಮೊದ್ಲೇ ಹೇಳ್ಬಿಡ್ತೀನಿ, ಇದು ಸಾಕೆಟ್ ರಿವ್ಯೂ, ಅಂದ್ರೆ ನಟ್ ಮೇಲೆ ಟೋಪಿ ಥರ ಕೂರಿಸಿ ತಿರುಗಿಸೋ ಟೂಲ್ದು. ಒಂದೇ ಒಂದು ಸಾಕೆಟ್ದು. ಅದಕ್ಕೆ ಇಷ್ಟುದ್ದ ಬರೀಬೇಕಾ ಅಂತ ಕೇಳೋರು ಆ ನಟ್ ಜೊತೆ ಒಂದೂವರೆ ತಿಂಗ್ಳು ಗುದ್ದಾಡಿಲ್ಲ ಅಂತ ಅರ್ಥ.

ನಮ್ಮನೇಲಿ ಅಜ್ಜನ ಕಾಲದ ಒಂದು ಫೋಕ್ಸ್‌ವ್ಯಾಗನ್ ಬೀಟಲ್ ಇದೆ, ಆಲ್ದೂರು ಹತ್ರ ತೋಟದ ಮನೆ ಶೆಡ್ಡಲ್ಲಿ ಎಷ್ಟೋ ಮಳೆಗಾಲದ ಥಂಡಿ ಕುಡ್ಕೊಂಡು ನಿಂತಿತ್ತು. ಈ ಬೇಸಿಗೇಲಿ ಓಡ್ಸೋಣ ಅಂತ ಹೊರಗೆ ತೆಗೆದ್ರೆ ಹಿಂದಿನ ಬಲಗಡೆ ಚಕ್ರದಿಂದ ಗೇರ್ ಆಯಿಲ್ ಸೋರಿ ಟೈರಿನ ಒಳಮೈ ಎಲ್ಲಾ ಕರ್ರಗೆ. ಸೀಲ್ ಹೋಗಿದೆ, ಬ್ರೇಕ್ ಶೂ ಎಣ್ಣೆ ಕುಡಿದಿದೆ. ಬೇರೆ ಎಷ್ಟೋ ಕಾರಲ್ಲಾದ್ರೆ ಚಕ್ರ ಬಿಚ್ಚಿ ಡ್ರಮ್ ಎಳೆದ್ರೆ ಆಯ್ತು. ಬೀಟಲಲ್ಲಿ ಹಂಗಲ್ಲ, ಬ್ರೇಕ್ ಡ್ರಮ್ಮೇ ಚಕ್ರ ಕೂರೋ ಹಬ್ಬು, ಅದು ಆಕ್ಸಲ್ ಹಲ್ಲಿನ ಮೇಲೆ ಕೂತಿರತ್ತೆ, ಹಿಡ್ಕೊಂಡಿರೋದು ಮಧ್ಯದಲ್ಲಿರೋ ಒಂದೇ ನಟ್. 36 ಎಂಎಂ, ಕಿರೀಟದ ಥರ ಕಚ್ಚು ಕಚ್ಚು ಇರತ್ತೆ, ಅಡ್ಡಕ್ಕೆ ಒಂದು ಸ್ಪ್ಲಿಟ್ ಪಿನ್, ನಟ್ ತಿರುಗದಂಗೆ ತಡೆಯೋದು. ಬ್ರೇಕ್ ಶೂ ನೋಡ್ಬೇಕು ಅಂದ್ರೂ ಇದನ್ನ ಬಿಚ್ಲೇಬೇಕು. ಮ್ಯಾನುಯಲ್ ಪ್ರಕಾರ ಇದರ ಟೈಟು 217 ಫುಟ್ ಪೌಂಡ್, ಅಂದ್ರೆ ಒಂದು ಮೀಟರ್ ಉದ್ದದ ಸಲಾಕೆ ತುದಿಗೆ 30 ಕೆಜಿ ನೇತು ಹಾಕಿದಷ್ಟು. ಅದು ಹಾಕುವಾಗಿನ ಲೆಕ್ಕ. ಇಷ್ಟು ವರ್ಷ ತುಕ್ಕು ತಿಂದ ಮೇಲೆ ಎಷ್ಟಾಗಿರತ್ತೋ ದೇವೀರಮ್ಮನಿಗೇ ಗೊತ್ತು.

ಮೊದ್ಲು ಮನೇಲಿದ್ದ ಅರ್ಧ ಇಂಚ್ ಡ್ರೈವಿನ (ಸಾಕೆಟ್ಟಿಗೆ ಬಾರ್ ಸಿಕ್ಕಿಸೋ ಚೌಕದ ಅಳತೆ) ಸೆಟ್ ತಗೊಂಡು ಕೂತೆ. ಅದರಲ್ಲಿ ದೊಡ್ಡ ಸಾಕೆಟ್ಟೇ 32, ಸರಿ ಅಂತ ಆನ್‌ಲೈನಲ್ಲಿ ಒಂದು 36 ತರಿಸ್ದೆ, ಬ್ರ್ಯಾಂಡ್ ಹೆಸರು ಬೇಡ ಬಿಡಿ, ಫೋಟೋದಲ್ಲಿ ಕನ್ನಡಿ ಥರ ಹೊಳೀತಿತ್ತು. ಬಂದಿದ್ದು ಹನ್ನೆರಡು ಮೂಲೆದು, ಬೈಹೆಕ್ಸ್ ಅಂತಾರಲ್ಲ ಅದು. ಸ್ಪ್ಲಿಟ್ ಪಿನ್ ಕತ್ತರಿಸಿ, ತುಕ್ಕು ಸಡಿಲಿಸೋ ಡಬ್ಲ್ಯೂಡಿ 40 ಸ್ಪ್ರೇ ಹೊಡೆದು ರಾತ್ರಿ ಬಿಟ್ಟು, ಬೆಳಿಗ್ಗೆ ಬಾರ್ ಹಾಕಿ ಮೇಲೆ ನಿಂತೆ. ಟಕ್ ಅಂತು. ಬಿಡ್ತು ಅಂತ ಖುಷಿಯಾಗಿ ಕೆಳಗೆ ನೋಡಿದ್ರೆ ನಟ್ ಹಂಗೇ ಇದೆ, ಬಾರಿನ ತಲೆ ಚೌಕ ಕಿತ್ಕೊಂಡು ಸಾಕೆಟ್ ಒಳಗೇ ಉಳ್ಕೊಂಡಿದೆ. ನಾನು ಬಿದ್ದಿದ್ದು ಗೊಬ್ಬರದ ಚೀಲದ ಮೇಲೆ, ಪುಣ್ಯ.

ಆಮೇಲೆ ಒಬ್ಬ ಮೆಕ್ಯಾನಿಕ್ ಬಂದ, ಯಾರು ಅಂತ ಹೇಳಲ್ಲ. ಬ್ಯಾಗಿಂದ ತೆಗೆದಿದ್ದು ಚಾಣ, ಸುತ್ತಿಗೆ. ಕಚ್ಚಿಗೆ ಚಾಣ ಇಟ್ಟು ಹೊಡೆದ್ರೆ ತಿರುಗತ್ತೆ ಸಾರ್, ಅಂಬಾಸಿಡರ್ ಕಾಲದಿಂದ ಹಿಂಗೇ ಮಾಡಿರೋದು ಅಂದ. ನಾಲ್ಕು ಏಟಿಗೆ ಒಂದು ಕಚ್ಚು ಬಗ್ಗಿತು, ನಾನು ಕೈ ಮುಗಿದು ಕಾಫಿ ಕುಡಿಸಿ ಕಳಿಸ್ದೆ. ದಯವಿಟ್ಟು ಚಾಣ ಇಡೋಕೆ ಯಾರಿಗೂ ಬಿಡ್ಬೇಡಿ, ನಟ್ ಹೋದ್ರೆ ಹೋಗ್ಲಿ, ಆಕ್ಸಲ್ ತುದಿ ಥ್ರೆಡ್ ಹೋದ್ರೆ ಏನ್ ಮಾಡ್ತೀರಿ?

ಚಿಕ್ಕಮಗಳೂರಿಗೆ ತಳ್ಕೊಂಡಾದ್ರೂ ಹೋಗಿ ಗಾಳಿ ಒತ್ತಡದಲ್ಲಿ ನಟ್ ಬಿಚ್ಚೋ ಏರ್ ಗನ್ ಹಾಕಿಸೋಣ ಅನ್ಕೊಂಡ್ರೆ ಬ್ರೇಕ್ ಇಲ್ಲದ ಕಾರನ್ನ ಆ ತಿರುವಲ್ಲಿ ಯಾರು ಇಳಿಸ್ತಾರೆ. ಗೊತ್ತಿರೋ ಟೈರ್ ಅಂಗಡಿ ಹುಡುಗ ಸಣ್ಣ ಕಂಪ್ರೆಸರ್ ಪಿಕಪ್ಪಲ್ಲಿ ಹಾಕ್ಕೊಂಡು ಬಂದ, ಅರ್ಧ ಇಂಚಿನ ಗನ್ನು, ಗಡಗಡ ಅಂತ ಹತ್ತು ನಿಮಿಷ ಹೊಡೆದ, ಅಕ್ಕಪಕ್ಕದ ತೋಟದ ನಾಯಿಗಳೆಲ್ಲ ಬೊಗಳಿದ್ವು, ನಟ್ ಅಲ್ಲಾಡ್ಲಿಲ್ಲ. ಲಾರಿ ಟೈರ್ ಬಿಚ್ಚೋ ಗೇರ್ ಸ್ಪ್ಯಾನರ್ ಇದ್ಯಲ್ಲ, ಹ್ಯಾಂಡಲ್ ಸುತ್ತಿದ್ರೆ ಒಳಗಿನ ಗೇರು ಶಕ್ತಿನ ಎಷ್ಟೋ ಪಟ್ಟು ಮಾಡತ್ತೆ, ಅದನ್ನೂ ತಂದ್ವಿ. ಅದರ ಜೊತೆ ಇದ್ದಿದ್ದು 32, 33ರ ಸಾಕೆಟ್, ಜೊತೆಗೆ ಅದರ ಕಾಲು ಪಕ್ಕದ ನಟ್ಟಿಗೆ ಊರಿ ನಿಲ್ಬೇಕು, ಮಧ್ಯದ ನಟ್ಟಿಗೆ ಸರಿಯಾಗಿ ಕೂರ್ಲೇ ಇಲ್ಲ. ಬೀಟಲಿಗೇ ಅಂತ ಮಾಡಿರೋ ಮಲ್ಟಿಪ್ಲೈಯರ್ ಹೊರದೇಶದಲ್ಲಿ ಸಿಗತ್ತೆ, ಒಂದಕ್ಕೆ ಒಂಬತ್ತು ಪಟ್ಟು ಶಕ್ತಿ, ಆದ್ರೆ ಎರಡು ನಟ್ಟಿಗೋಸ್ಕರ ಅದನ್ನ ತರಿಸೋಷ್ಟು ಕಾಫಿ ರೇಟ್ ಇನ್ನೂ ಏರಿಲ್ಲ.

ಕೊನೆಗೆ ಏನೋ ಕೆಲಸಕ್ಕೆ ಹಾಸನಕ್ಕೆ ಹೋದಾಗ ಬಿಎಂ ರೋಡಲ್ಲಿ ಒಂದು ಟೂಲ್ಸ್ ಅಂಗಡಿಗೆ ನುಗ್ಗಿದೆ. 36ರ ಸಾಕೆಟ್ ಕೊಡಿ ಅಂದೆ. ಕೌಂಟರಲ್ಲಿದ್ದ ಯಜಮಾನ್ರು ಸೀದಾ ತೆಗೆದು ಕೊಡ್ಲಿಲ್ಲ, ಯಾವ ಗಾಡಿಗೆ ಅಂತ ಕೇಳಿದ್ರು. ಹೇಳಿದ್ದಕ್ಕೆ, ಅರ್ಧ ಇಂಚ್ ಡ್ರೈವ್ ತಗೊಂಡು ಹೋದ್ರೆ ನಾಳೆ ವಾಪಸ್ ಬರ್ತೀರಿ, ಮುಕ್ಕಾಲು ಇಂಚ್ ಡ್ರೈವ್ ತಗೊಳಿ, ಆರು ಮೂಲೇದೇ ತಗೊಳಿ ಅಂದ್ರು. ಮುರಿದ ಬಾರ್ ಕಥೆ ಹೇಳೋಕೂ ನಾಚಿಕೆ ಆಯ್ತು. ತಪಾರಿಯಾದು ಒಂದು 36, ಅದಕ್ಕೆ ಹೊಂದೋ ಸ್ಲೈಡಿಂಗ್ ಟಿ ಬಾರ್, ಎರಡೂ ಸೇರಿ ಸಾವಿರದ ಚಿಲ್ಲರೆ ಆಯ್ತು. ಕೈಯಲ್ಲಿ ಹಿಡಿದಾಗ್ಲೇ ಗೊತ್ತಾಯ್ತು, ಗೋಡೆ ದಪ್ಪ, ತೂಕ ಅಂದ್ರೆ ಅಡುಗೆಮನೆ ಕುಟ್ಟಾಣಿ ಥರ. ಆರು ಮೂಲೆ ಯಾಕೆ ಅಂದ್ರೆ ನಟ್ಟಿನ ಚಪ್ಪಟೆ ಮೈಗೆ ಅಗಲವಾಗಿ ಕೂರತ್ತೆ, ಹನ್ನೆರಡು ಮೂಲೆದು ಬರೀ ತುದಿ ಹಿಡ್ಕೊಳತ್ತೆ, ತುಕ್ಕಿನ ನಟ್ಟಾದ್ರೆ ಆ ತುದಿ ಸವೆದು ಜಾರತ್ತೆ.

ಇನ್ನು ಬಾರಿಗೆ ಪೈಪ್. ಟಿ ಬಾರ್ ಒಂದೇ ಸಾಲಲ್ಲ. ಶೆಡ್ಡಲ್ಲಿದ್ದ ಹಳೇ ಸ್ಪ್ರಿಂಕ್ಲರ್ ಪೈಪ್ ತೂರಿಸಿ ಎಳೆದೆ, ಅದು ಅಲ್ಯೂಮಿನಿಯಂ ಅಲ್ವಾ, ಬಾಳೆ ದಂಟಿನ ಥರ ಬಗ್ಗಿತು. ಆಮೇಲೆ ಬೋರ್‌ವೆಲ್ಲಿನ ಜಿಐ ಪೈಪ್ ತುಂಡು ಸಿಕ್ತು, ಸಾಕೆಟ್ಟಿಂದ ತುದಿವರೆಗೆ ಸರಿಯಾಗಿ ಒಂದು ಮೀಟರ್ ಬರೋ ಹಂಗೆ ಕೊಯ್ಸಿದೆ. ಕಾರನ್ನ ಜ್ಯಾಕ್ ಮೇಲೆ ಎತ್ತಬಾರದು, ನಾಲ್ಕೂ ಚಕ್ರ ನೆಲದಲ್ಲೇ ಇರ್ಬೇಕು, ಹಬ್ ಕ್ಯಾಪ್ ತೆಗೆದ್ರೆ ಮಧ್ಯದ ತೂತಿಂದ ನಟ್ ಸಿಗತ್ತೆ. ಗೇರಲ್ಲಿ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಸಿಲ್ವರ್ ಓಕ್ ತುಂಡು ಚಕ್ರಕ್ಕೆ ಅಡ್ಡ ಕೊಟ್ಟು, ಬಾರ್ ಎಡಗಡೆಗೆ ಚಾಚಿ, ತುದಿ ಮೇಲೆ ಕಾಲಿಟ್ಟು ಮೆಲ್ಲಗೆ ತೂಕ ಬಿಟ್ಟೆ. ಹಾರಬೇಡಿ, ಹಾರಿದ್ರೇ ಮುರಿಯೋದು. ನನ್ನ ತೂಕ 74. ಮೊದ್ಲು ಏನೂ ಆಗ್ಲಿಲ್ಲ, ಆಮೇಲೆ ಕೀ...ಚ್ ಅಂತ ಒಂದು ಸದ್ದು, ಹಳೇ ಬಾಗಿಲು ತೆಗೆದಂಗೆ, ಬಾರ್ ಒಂದು ಇಂಚ್ ಇಳೀತು. ನನ್ನ ಜೀವನದಲ್ಲಿ ಅಷ್ಟು ಚೆಂದದ ಸದ್ದು ಕೇಳಿಲ್ಲ ಮಾರಾಯ್ರೆ.

ಬಿಚ್ಚಿದ್ದಷ್ಟೇ ಹೇಳಿ ಮುಗಿಸ್ತಾರೆ ಎಲ್ರೂ, ವಾಪಸ್ ಹಾಕೋದೇ ದೊಡ್ಡ ಕೆಲಸ. ಟೈಟ್ ಕಮ್ಮಿ ಆದ್ರೆ ಡ್ರಮ್ ಆಕ್ಸಲ್ ಮೇಲೆ ಸಣ್ಣಗೆ ಆಡಿ ಆಡಿ ಒಳಗಿನ ಹಲ್ಲೆಲ್ಲ ಸವೆದು ಹೋಗತ್ತೆ, ಆಮೇಲೆ ಇಂಜಿನ್ ಓಡತ್ತೆ ಕಾರ್ ಓಡಲ್ಲ. ಎಷ್ಟು ಟೈಟ್ ಅಂತ ಅಳೆದು ತಿರುಗಿಸೋ ಅಷ್ಟು ದೊಡ್ಡ ಟಾರ್ಕ್ ವ್ರೆಂಚ್ ನನ್ನತ್ರ ಇಲ್ಲ, ಬಾಡಿಗೆಗೂ ಸಿಗ್ಲಿಲ್ಲ. ಆಗ ನೆನಪಾಗಿದ್ದು ಕಾಫಿ ಹಣ್ಣು ತೂಗೋ ತಕ್ಕಡಿ, ನೇತು ಹಾಕೋ ಡಿಜಿಟಲ್ದು. ಹೊಸ ನಟ್ ಹಾಕಿ, ಮೀಟರ್ ಉದ್ದದ ಬಾರನ್ನ ಎಡಕ್ಕೆ ಅಡ್ಡವಾಗಿ ಇಟ್ಟು, ತುದಿಗೆ ತಕ್ಕಡಿ ಕೊಕ್ಕೆ ಸಿಕ್ಕಿಸಿ ನೇರ ಮೇಲಕ್ಕೆ ಎಳೆದೆ, 30 ತೋರಿಸೋವರೆಗೆ. ಬಾರಿನ ತೂಕ ಕೆಳಗೆ ಎಳೀತಿರತ್ತಲ್ಲ, ಅದಕ್ಕೆ ಅಂತ ಇನ್ನೆರಡು ಕೆಜಿ ಜಾಸ್ತಿ. ಪಿನ್ನಿನ ತೂತು ಸರಿ ಹೊಂದ್ಲಿಲ್ಲ ಅಂದ್ರೆ ನಟ್ ಹಿಂದಕ್ಕೆ ಬಿಡಬಾರದು, ಇನ್ನೊಂಚೂರು ಮುಂದಕ್ಕೇ ತಿರುಗಿಸ್ಬೇಕು. ಸ್ಪ್ಲಿಟ್ ಪಿನ್ ಹೊಸದೇ ಹಾಕಿ, ಹತ್ತು ರೂಪಾಯಿಗೆ ಜಿಪುಣತನ ಬೇಡ. ತಕ್ಕಡಿ ಈಗ ಸ್ವಲ್ಪ ಗ್ರೀಸ್ ವಾಸನೆ ಹೊಡೆಯತ್ತೆ ಅಂತ ಮನೇಲಿ ಬೈಗುಳ ಬಿದ್ದಿದೆ.

ಹಳೇ ವಿಲ್ಲೀಸ್ ಜೀಪ್ ಇರೋರಿಗೆ ಒಂದು ಮಾತು, ಈ ಕಡೆ ತೋಟಗಳಲ್ಲಿ ಇನ್ನೂ ಇದಾವೆ ಅಂತ ಹೇಳ್ತಿದೀನಿ. ಬೀಟಲ್ ಹಿಂದಿನ ಈ ನಟ್ಟು ಎರಡೂ ಕಡೆ ಮಾಮೂಲಿ ಥ್ರೆಡ್, ಎಡಕ್ಕೆ ತಿರುಗಿಸಿದ್ರೆ ಬಿಚ್ಚತ್ತೆ. ಆ ಜೀಪಿನ ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ಥ್ರೆಡ್. ಗೊತ್ತಿಲ್ದೆ ಮೀಟರ್ ಪೈಪ್ ಹಾಕಿ ನಿಂತ್ರೆ ಬಿಚ್ಚೋ ಬದ್ಲು ಟೈಟ್ ಆಗಿ ಸ್ಟಡ್ಡೇ ಕಿತ್ಕೊಂಡು ಬರತ್ತೆ, ನಮ್ಮ ಪಕ್ಕದ ತೋಟದೋರು ಎರಡು ಕಿತ್ತಾಕಿದಾರೆ. ಮೊದ್ಲು ಬ್ರಷ್ ಹಾಕಿ ತುಕ್ಕು ತೆಗೆದು ತುದೀಲಿ ಎಲ್ ಅಂತ ಇದ್ಯಾ ನೋಡಿ.

ಸಾಕೆಟ್ಟಿಗೆ ಐದಕ್ಕೆ ಐದು ಕೊಡ್ತೀನಿ, ಒಂದು ಗೀರೂ ಬಿದ್ದಿಲ್ಲ. ಒಂದೇ ಎಚ್ಚರಿಕೆ, ಇದು ಹೊಳೆಯೋ ಕ್ರೋಮ್ದು, ಕೈಯಲ್ಲಿ ತಿರುಗಿಸೋಕೆ ಮಾತ್ರ, ಏರ್ ಗನ್ನಿಗೆ ಹಾಕೋದಾದ್ರೆ ಕಪ್ಪು ಇಂಪ್ಯಾಕ್ಟ್ ಸಾಕೆಟ್ಟೇ ಬೇಕು. ಟಿ ಬಾರಿಗೆ ನಾಲ್ಕು, ತಲೆ ಅಲ್ಲಿಂದಿಲ್ಲಿಗೆ ಜಾರತ್ತೆ, ಪೈಪ್ ಹಾಕಿದಾಗ ಇನ್ನೊಬ್ರು ಸಾಕೆಟ್ ಒತ್ತಿ ಹಿಡ್ಕೊಳ್ಬೇಕು. ಆ ಅಂಗಡಿ ಯಜಮಾನ್ರಿಗೆ ಹತ್ತು. ಎಡಗಡೆ ಚಕ್ರ ಇನ್ನೂ ಬಿಚ್ಚಿಲ್ಲ, ಸೀಲ್ ಬರಬೇಕು. ಅಲ್ಲೀವರೆಗೆ ಚಿಕ್ಕಮಗಳೂರು ಆಲ್ದೂರು ಕಡೆ ಯಾರಿಗಾದ್ರೂ 36 ಬೇಕಾದ್ರೆ ಕೊಡ್ತೀನಿ, ಪೈಪ್ ನೀವೇ ತನ್ನಿ.